ಮಡಿಯಾದ ರೀಲು

ಅಲಕಾ ಹಳೆಯ ಧೋತರದ ಮೆತ್ತನೆಯ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದಳು. ಅದರ ನಡುವೆ ಫಿಲ್ಮು ಧೂಳು ಒರೆಸಿಕೊಳ್ಳುತ್ತ ಮೆಲ್ಲಗೆ ಸರಿಯುತ್ತಿತ್ತು. ಆಚೆ ಬದಿಗೆ ಅಣ್ಣ ಗುರುರಾಜ ರೀಲು ಸುತ್ತುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಉಗುಳು ಸಿಡಿಯುತ್ತದೆ ಎಂದು ಮೊದಲ ದಿನವೇ ಅವನು ಹೇಳಿಕೊಟ್ಟಿದ್ದ.

ನಾಸಿಕದ ಹತ್ತಿರದ ಘೋಟಿಯ ಸಂತೆಯಲ್ಲಿ ಭತ್ತ ತೂರುವ ಹೆಂಗಸರನ್ನು ಕುರಿತು ಅವನು ತೆಗೆದ ಪುಟ್ಟ ಚಿತ್ರ ಅದು. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ತೊಳೆದು ಕೈಗೆ ಬಂದಿತ್ತು. ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಪುಣೆಯಲ್ಲಿ ಸಿನಿಮಾ ಕಲಿತು ಬಂದು, ನಾಸಿಕದ ಕಾಲೇಜೊಂದರಲ್ಲಿ ಶನಿವಾರಕ್ಕೊಮ್ಮೆ ಪಾಠ ಮಾಡುತ್ತ ವರ್ಷಗಟ್ಟಲೆ ಕಾದವನಿಗೆ ಈಗ ಔರಂಗಾಬಾದಿನ ವಿಶ್ವವಿದ್ಯಾಲಯದಿಂದ ಕರೆ ಬಂದಿತ್ತು. ಸ್ವಂತ ಚಿತ್ರ ತೋರಿಸಿ, ಅದರ ಮೇಲೆ ಪಾಠ ಮಾಡಬೇಕು. ಸರಿ ಕಂಡರೆ ಕೆಲಸ. ತಪ್ಪಿದರೆ ಮುಂದಿನ ಸಲಕ್ಕೆ ವಯಸ್ಸೇ ಮೀರಿರುತ್ತಿತ್ತು.

ತಾಲೀಮಿಗೆ ಅಲಕಾಳೇ ವಿದ್ಯಾರ್ಥಿನಿ. ಅಪ್ಪನನ್ನು ಬ್ಯಾಂಕಿನವರು ಬಿಜಾಪುರದಿಂದ ನಾಸಿಕಕ್ಕೆ ವರ್ಗ ಮಾಡಿದಾಗ ಅವಳು ಮರಾಠಿ ಶಾಲೆ ಸೇರಿ, ಎದ್ದು ನಿಂತು ಓದು ಎಂದರೆ ಬಾಯಿ ಬಾರದೆ, ಶಾಲೆಯನ್ನೇ ಬಿಟ್ಟಿದ್ದಳು. ಅಣ್ಣನೆದುರು ಮಾತ್ರ ನಾಲಿಗೆ ಹೊರಳುತ್ತಿತ್ತು.

“ಸರ್, ಒಂದು ಪ್ರಶ್ನೆ ಅದರೀ. ಚಿತ್ರ ಈ ಪಟ್ಟಿಗೆ ಹ್ಯಾಂಗ ಅಂಟಿಕೊಂಡದ?”

“ಭೇಷ್! ಹಿಂದಿನ ಬೆಂಚಿನವರು ಕೇಳ್ರಿ. ಮ್ಯಾಲೆ ತೆಳ್ಳಗ ಒಂದು ಅಂಟು ಬಳದಿರತಾರ. ದನದ ಎಲುಬು ಕುದಿಸಿ ತಗದದ್ದು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವ್ವ ಬಾಗಿಲಿಗೆ ಬಂದಳು.

“ಏನಂದಿ ಗುರು? ಎಲುಬು? ಅದನ್ನ ತಂದು ದೇವರ ಕೋಣ್ಯಾಗ ಇಟ್ಟೀಯಲ್ಲೋ!”

ಮನೆಯಲ್ಲಿ ತಂಪಾದ ಜಾಗ ಅದೊಂದೇ ಎಂದು ಅವನು ರೀಲಿನ ಡಬ್ಬಿಯನ್ನು ಅಲ್ಲಿಡುತ್ತಿದ್ದ.

“ಅವ್ವಾ, ಗ್ವಾಡಿ ಮ್ಯಾಲಿನ ವೃಂದಾವನದ ಫೋಟೋದಾಗೂ ಅದ ಅದು.”

“ಬಾಯಿ ಮುಚ್ಚು! ಪ್ರೊಫೆಸರ ಆಗೂ ಮೊದಲ ಹಿಂಗ, ಆದ ಮ್ಯಾಲೆ ನನ್ನೂ ಕುದಿಸಿ ಬಳದೀ.”

ಅಣ್ಣ ತಂಗಿ ನಕ್ಕರು. ಅವ್ವ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹೊಳೆಯ ರಾಮಕುಂಡದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ತಂಬಿಗೆ ನೀರು ತಂದು, ದೇವರ ಕೋಣೆಯ ಬಾಗಿಲು ಹಾಕಿಕೊಂಡಳು. ಮಂತ್ರದ ಗುಣುಗುಣು ಕೇಳಿಸಿತು. ಹೊರಬಂದಾಗ ಅವಳ ಮುಖ ತಿಳಿಯಾಗಿತ್ತು. “ಡಬ್ಬಿ ಅಲ್ಲೇ ಇರಲಿ. ಈಗ ನಂದೇನೂ ತಕರಾರಿಲ್ಲ,” ಎಂದಳು. ಪೂಜೆಯಾಗಿ ಸಮಾಧಾನವಾಗಿರಬೇಕು ಎಂದುಕೊಂಡಳು ಅಲಕಾ. ಡಬ್ಬಿಯನ್ನು ಯಾರೂ ತೆರೆದು ನೋಡಲಿಲ್ಲ.

ಆ ವಾರವೇ ಔರಂಗಾಬಾದಿಗೆ ಹೊರಟಾಗ, ಹಿಂದಿನ ಬೆಂಚಿನಲ್ಲಿ ಪರಿಚಯದ ಮುಖವೊಂದಿದ್ದರೆ ಧೈರ್ಯ ಎಂದು ಅಣ್ಣ ಅವಳನ್ನೂ ಕರೆದೊಯ್ದ.

ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದಿನ ಸಾಲಿನಲ್ಲಿ ಮೂವರು ಪ್ರಾಧ್ಯಾಪಕರು. ಪರದೆ ಬಿಚ್ಚಿತ್ತು, ಪ್ರೊಜೆಕ್ಟರ್ ಸಿದ್ಧವಿತ್ತು. ಗುರುರಾಜ ಡಬ್ಬಿಯ ಮುಚ್ಚಳ ತೆಗೆದ. ಹಳಸಿದ ವಾಸನೆ ಹಿಂದಿನ ಬೆಂಚಿನವರೆಗೂ ಬಂತು. ಅವನ ಕೈ ನಿಂತಿತು. ರೀಲಿನ ಮೇಲೆ ಕಪ್ಪಾದ ತುಳಸಿ ಎಲೆಯೊಂದು ಅಂಟಿತ್ತು.

ಅವ್ವ ಮುಚ್ಚಳ ತೆಗೆದು ಒಳಗೇ ತೀರ್ಥ ಸುರಿದಿದ್ದಳು.

ಅವನು ತುದಿ ಹಿಡಿದೆಳೆದ. ಅಂಟು ನೆನೆದು ಸುತ್ತಿಗೆ ಸುತ್ತು ಕಚ್ಚಿಕೊಂಡಿದ್ದದ್ದು ಚರ್ರೆಂದು ಬಿಟ್ಟಿತು. ಕೈಗೆ ಬಂದ ಪಟ್ಟಿ ಗಾಜಿನಂತೆ ಬರಿದಾಗಿತ್ತು. ಹೆಂಗಸರು, ಮೊರ, ಗಾಳಿಗೆ ಹಾರುವ ಹೊಟ್ಟು, ಎಲ್ಲ ಕರಿಯ ಸಿಪ್ಪೆಯಾಗಿ ಮೇಜಿನ ಮೇಲೆ ಉದುರಿದವು.

“ಏನಾಯಿತು?” ಹಿರಿಯ ಪ್ರಾಧ್ಯಾಪಕರು ಮರಾಠಿಯಲ್ಲಿ ಕೇಳಿದರು.

“ನೀರು ಬಿತ್ತು ಸರ್. ನನ್ನದೇ ತಪ್ಪು.”

“ಇನ್ನೊಂದು ಪ್ರತಿ?”

“ಇಲ್ಲ.”

ಅವರು ಕನ್ನಡಕ ತೆಗೆದು ಹಿಡಿದುಕೊಂಡರು. “ಫಿಲ್ಮನ್ನು ಜೋಪಾನ ಮಾಡುವುದೇ ಮಕ್ಕಳಿಗೆ ಮೊದಲ ಪಾಠ, ಗುರುರಾಜ. ಇರಲಿ. ಚಿತ್ರವಿಲ್ಲದೆಯೇ ಮಾಡಿ, ನೋಡೋಣ.”

ಅವನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಒಂದು ಮೊರ ಬರೆದ. ಅದನ್ನು ಹಿಡಿದ ಕೈ ಬರೆದ. ಮಾತು ಅಲ್ಲಿಗೇ ನಿಂತುಹೋಯಿತು. ಒಬ್ಬರು ಒಂದು ಪ್ರಶ್ನೆ ಕೇಳಿದರೆ ಸಾಕು, ಅಣ್ಣ ಮುಂದುವರಿದಾನು ಎಂದು ಅಲಕಾಳಿಗೆ ಗೊತ್ತಿತ್ತು. ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿದರು. ಬಾಯಿ ತೆರೆಯಿತು, ದನಿ ಬರಲಿಲ್ಲ. ಕುಳಿತುಬಿಟ್ಟಳು. ಅಣ್ಣ ತಾನು ಬರೆದದ್ದನ್ನು ತಾನೇ ಒರೆಸಿ, ನಮಸ್ಕಾರ ಮಾಡಿ ಹೊರಬಂದ.

ಬಸ್ಸು ದೌಲತಾಬಾದ್ ದಾಟಿದ ಮೇಲೆ ಒಂದೇ ಮಾತು ಆಡಿದ. “ಅವ್ವಗ ಹೇಳಬ್ಯಾಡ.”

ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಆಗೂ ಹಂಗ ಕಾಣೂದಿಲ್ಲವ್ವಾ,” ಎಂದ ಗುರುರಾಜ.

“ಹೋಗಲಿ ಬಿಡು. ಅವರ ನಸೀಬದಾಗ ನೀ ಇಲ್ಲ,” ಎಂದು ತಾಟು ಹಾಕಿದಳು. ಬಿಸಿ ಭಕ್ರಿ ಬಡಿಸುತ್ತ, ಮಗನ ಬೆನ್ನಿನ ಮೇಲೆ ಕೈಯಿಟ್ಟಳು. ನಾಚಿದವಳಂತೆ ಹೇಳಿದಳು:

“ಲಗ್ನಾದ ಮ್ಯಾಲೆ ನಾ ಒಂದೂ ಸಿನಿಮಾ ನೋಡಿಲ್ಲ. ಈಗಂತೂ ಅದು ಮಡಿ ಆಗೇದ. ಆ ಭತ್ತ ತೂರೋ ಹೆಣ್ಮಕ್ಕಳನ್ನ ನನಗೊಮ್ಮೆ ತೋರಸಪ್ಪಾ.”