ಮೂರನೇ ದಾರಿಯ ಸೀಸೆ

ಸಾವಿರಪ್ಪ ಬಿಳಿ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕಾಡಿನ ಅಂಚಿಗೆ ಬಂದರೆ ಸಾಕು, ಜ್ವರ ಹರಡುವ ಉಣುಗುಗಳೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಸಾಲಾಗಿ ಬಂದು, ತಮ್ಮನ್ನು ತಾವೇ ಎಣಿಸಿಕೊಂಡು ಸೀಸೆಯೊಳಗೆ ಇಳಿಯುತ್ತಿದ್ದವು. ಹಾಗಂತ ಅವನೇ ಹೇಳಿದ್ದು. ಅವನ ಬಾಯಲ್ಲಿ ಯಾವ ಎಣಿಕೆಯೂ ಸಾವಿರಕ್ಕಿಂತ ಕೆಳಗಿಳಿಯದ ಕಾರಣ ಆರೋಗ್ಯ ಕಚೇರಿಯವರು ಸಾವಿರಪ್ಪ ಎಂದು ಹೆಸರಿಟ್ಟಿದ್ದರು. ಈಗ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ.

ಕೆಲಸವೇನೋ ಸರಳ. ಒಂದು ಗಜದ ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು, ಅಂಟಿಕೊಂಡ ಉಣುಗುಗಳನ್ನು ಚಿಮಟದಿಂದ ಸೀಸೆಗೆ ಹಾಕಬೇಕು. ಸೀಸೆಯಲ್ಲಿ ಎಷ್ಟು ಸಿಕ್ಕಿವೆ ಎಂದು ನೋಡಿ ಕಚೇರಿ ಆ ದಾರಿಗೆ ಹಲಗೆ ತೂಗುಹಾಕುತ್ತದೆ: ಕೆಂಪಾದರೆ ದಾರಿ ಬಂದ್, ಹಸಿರಾದರೆ ನಡೆಯಬಹುದು. ಈ ವಾರ ಮೂರನೇ ದಾರಿಯ ಸರದಿ. ಸಸಿತೋಟದ ನಲವತ್ತು ಹೆಂಗಸರು ಸೋಮವಾರದಿಂದ ಆ ದಾರಿಯಲ್ಲೇ ಕೆಲಸಕ್ಕೆ ಹೋಗಬೇಕಿತ್ತು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡುವ, ಎಲ್ಲರೂ ಅಕ್ಕ ಎಂದೇ ಕರೆಯುವವಳ ತಂಗಿಯೂ ಅವರಲ್ಲೊಬ್ಬಳು.

ಆ ಹೆಂಗಸರಿಗೆ ಪಾಠ ಹೇಳಿದವನೂ ಸಾವಿರಪ್ಪನೇ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿ, ಕಚೇರಿ ಕೊಟ್ಟ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ತಡಕಿ ನೋಡಿ, ಕಚ್ಚಿಕೊಂಡಿದ್ದರೆ ತಿರುಚದೆ ನೇರ ಮೇಲಕ್ಕೆ ಎಳೆಯಿರಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮುಚ್ಚಿಡಬೇಡಿ ಎಂದು ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದ. ತಾನು ಹಿಡಿದ ಉಣುಗೊಂದು ಮೊಲವನ್ನೇ ಎಳೆದುಕೊಂಡು ಹೋಗುತ್ತಿತ್ತು ಎಂದದ್ದು ಮಾತ್ರ ಪಾಠದಲ್ಲಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಸೀಸೆಯನ್ನು ಲ್ಯಾಬಿನ ಮೇಜಿನ ಮೇಲಿಟ್ಟ. ಮೂರು ಮೈಲಿ ಎಳೆದರೂ ಸಿಕ್ಕಿದ್ದು ನಾಲ್ಕೇ, ಉಳಿದವು ತನ್ನ ಸುದ್ದಿ ಕೇಳಿ ಗುಳೆ ಹೋಗಿವೆ ಎಂದ. ಅಕ್ಕ ನಗಲಿಲ್ಲ. ನಾಲ್ಕನ್ನೂ ಗಾಜಿನ ತಟ್ಟೆಗೆ ಸುರಿದು ನೋಡಿದಳು.

"ಇವು ಹುಲ್ಲಿನ ಮೇಲೆ ಸಿಕ್ಕಿದ್ದಾ?"

"ಮತ್ತೆ ನಾನೇನು ಅಂಗಡೀಲಿ ಕೊಂಡ್ಕೊಂಡು ಬಂದ್ನಾ ಅಕ್ಕ?"

"ಹಸಿದಿರೋದು ಹುಲ್ಲಿನ ತುದಿ ಹತ್ತಿ ಕಾಯುತ್ತೆ ಕಣೋ, ಬಟ್ಟೆಗೆ ಅಂಟೋದು ಅದೇ. ಇವು ನೋಡು, ದ್ರಾಕ್ಷಿ ಥರ ಊದಿವೆ. ಹೊಟ್ಟೆ ತುಂಬಿದ ಮೇಲೆ ನಿನ್ನ ಬಟ್ಟೆಗೆ ಯಾಕೆ ಬರ್ತವೆ, ಕೈ ಒರೆಸ್ಕೊಳ್ಳೋಕಾ?"

ಸಾವಿರಪ್ಪ ಇದೊಂದು ಹೊಸ ತಳಿ ಎಂದ. ಆಮೇಲೆ, ದಾರಿಯಲ್ಲಿ ತನ್ನ ರಕ್ತವನ್ನೇ ಕುಡಿದಿರಬೇಕು ಎಂದ. ಅಕ್ಕ ಅವನ ಚೀಲದಿಂದ ಬಿಳಿ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದಳು. ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಒಂದು ಹುಲ್ಲಿನ ಬೀಜವೂ ಅಂಟಿರಲಿಲ್ಲ.

"ಸೋಮವಾರ ನನ್ನ ತಂಗಿ ಅಲ್ಲಿ ನಡೀತಾಳೆ. ಹಸಿರು ಹಲಗೆ ಹಾಕ್ಸಲಾ, ಹೇಳು."

ಅವನು ಬಟ್ಟೆಯನ್ನು ಮತ್ತೆ ಅದೇ ಮಡಿಕೆಗೆ ಮಡಚತೊಡಗಿದ. ಹೊಸದೊಂದು ಕಥೆ ನಾಲಿಗೆ ತುದಿಗೆ ಬಂದು ಹಿಂದಕ್ಕೆ ಹೋಯಿತು.

"ಬೇಡ ಅಕ್ಕ. ಇವು ಪಕ್ಕದ ಮನೆ ಹಸುವಿನ ಕಿವಿಯಿಂದ ಕಿತ್ತಿದ್ದು. ದಾರಿ ಒಳಗೆ ಹನ್ನೊಂದು ಹೆಜ್ಜೆ ಹೋದೆ, ಆಮೇಲೆ ಕಾಲು ಏಳ್ಲಿಲ್ಲ. ಹೋದ ವರ್ಷ ನೆಂಟರ ಮದುವೆ ಅಂತ ರಜೆ ಹಾಕಿದ್ನಲ್ಲ, ಅದು ಸುಳ್ಳು. ಉಣುಗು ಕಚ್ಚಿ ಜ್ವರ ಬಂದು ಇಪ್ಪತ್ತಾರು ದಿನ ಮಲಗಿದ್ದೆ. ಹುಲ್ಲು ಕಂಡ್ರೆ ಹೆದರಿಕೆ ಆಗುತ್ತೆ."