ದ್ರಾಕ್ಷಾಯಣಿಯ ಮೈನೋವು

ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದ ಎದ್ದು ಬರುವುದು ದೊಡ್ಡ ಸಾಹಸವೇನಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹಲ್ಲು ಉದುರಿದ ಮುದುಕಿಯರೂ ನೆಲಕ್ಕೊಂದು ಕೈ ಊರಿ, ಶಿವನೇ ಎಂದು ಎದ್ದುಬಿಡುತ್ತಾರೆ. ಆದರೆ ಆವತ್ತು ದ್ರಾಕ್ಷಾಯಣಿಗೆ ಏಳಲಾಗಲಿಲ್ಲ. ತೊಡೆಗಳು ಕಲ್ಲಾಗಿದ್ದವು, ಬಗಲು ಉರಿಯುತ್ತಿತ್ತು. ತುಟಿ ಕಚ್ಚಿ ಅರ್ಧ ಎದ್ದವಳು ಮತ್ತೆ ಕುಣಿಯೊಳಗೆ ಕುಸಿದಳು. ಎದುರಿನ ಮಗ್ಗದಲ್ಲಿದ್ದ ಗಂಡ ಚನ್ನಬಸವ ಲಾಳಿ ನಿಲ್ಲಿಸಿ, "ಯಾಕ, ಏನಾತು?" ಎಂದ. "ಏನಿಲ್ರೀ, ಕಾಲ ಜೋಮ ಹಿಡದೈತಿ" ಎಂದಳು. ಅವನು ಒಳ್ಳೆಯವನು, ಹೇಳಿದ್ದನ್ನು ನಂಬುವವನು. ಲಾಳಿ ಮತ್ತೆ ಓಡಿತು.

ಜೋಮು ಗೀಮು ಎಲ್ಲ ಸುಳ್ಳು. ಹಿಂದಿನ ದಿನ ಅವಳು ಮಲ್ಲಗಂಬ ಹತ್ತಿದ್ದಳು, ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಮೊದಲ ಸಲ.

ನರಗುಂದದ ಕಡೆಯ ಶಿರೋಳದಲ್ಲಿ ಹುಟ್ಟಿ ಬೆಳೆದ ಹುಡುಗಿ ಅವಳು. ಊರ ಗರಡಿ ಮನೆಯ ಹೊರಗೆ ನಿಲ್ಲಿಸಿದ್ದ ಕಂಬಕ್ಕೆ ಔಡಲೆಣ್ಣೆ ಸವರಿ, ಸಾಲಿಯ ಹುಡುಗಿಯರೆಲ್ಲ ಹತ್ತುತ್ತಿದ್ದರು. ಉಳಿದವರು ಹತ್ತಿ ಜಾರಿದರೆ, ದ್ರಾಕ್ಷಾಯಣಿ ಹತ್ತಿ ನಿಲ್ಲುತ್ತಿದ್ದಳು. ತುದಿಯಲ್ಲಿ ತೊಡೆ ಬಿಗಿದು, ಕೈ ಬಿಟ್ಟು, ತಲೆಕೆಳಗಾಗಿ ಊರನ್ನು ನೋಡುತ್ತಿದ್ದಳು. ತಲೆಕೆಳಗಾಗಿ ನೋಡಿದಾಗ ಶಿರೋಳವೂ ಚೆಲುವಾಗಿಯೇ ಕಾಣುತ್ತಿತ್ತಂತೆ.

ಮದುವೆಯಾಗಿ ನಾಕು ವರ್ಷವಾದರೂ ಮಕ್ಕಳಾಗದಿದ್ದಾಗ ಅತ್ತೆ ಬಾಳವ್ವನ ಕಿವಿಗೆ ಈ ಕಂಬದ ಸುದ್ದಿ ಬಿತ್ತು. ಗದಗಿನ ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ತಪಾಸಣೆ ಮಾಡಿ ಯಾರಲ್ಲೂ ದೋಷವಿಲ್ಲ ಎಂದು ಕಳಿಸಿದ್ದರು. ಬಾಳವ್ವನಿಗೆ ಡಾಕ್ಟರು ಬೇಕಾಗಿರಲಿಲ್ಲ, ಕಾರಣ ಬೇಕಾಗಿತ್ತು. ಸಿಕ್ಕಿತು. "ಎಳೀ ಹೊಟ್ಟಿ ಕಟಗಿಗೆ ಒತ್ತಿ ಒತ್ತಿ ಗರ್ಭ ಒಣಗಿಸ್ಕೊಂಡ ಬಂದಾಳ" ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು. ಕೆಟ್ಟ ಹೆಂಗಸಲ್ಲ ಬಾಳವ್ವ. ಸೊಸೆಗೆ ಬಿಸಿ ರೊಟ್ಟಿ ಕೊಟ್ಟು ತಾನು ತಂಗಳು ತಿನ್ನುವವಳು. ಆದರೆ ಬಂಜೆತನಕ್ಕೊಂದು ಹೆಸರಿಟ್ಟ ಮೇಲೆ ಅದನ್ನು ಕೈಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಹೀಗೇ ಇನ್ನೂ ಐದು ವರ್ಷ ಕಳೆದ ಮೇಲೆ, ಹತ್ತಿರದ ಲಕ್ಕಲಕಟ್ಟಿ ಸಾಲಿಯಲ್ಲಿ ಆಟದ ಟೀಚರಾಗಿದ್ದ ನಿರ್ಮಲಾ ಫೋನು ಮಾಡಿದಳು. ಇಬ್ಬರೂ ಶಿರೋಳದಲ್ಲಿ ಒಂದೇ ಕಂಬ ಹತ್ತಿದವರು. ರೋಣದ ಹತ್ತಿರ ಹೊಸದಾಗಿ ಆದ ಹುಡುಗಿಯರ ವಸತಿ ಶಾಲೆಗೆ ಮಲ್ಲಗಂಬ ಕಲಿಸುವವರು ಬೇಕಂತೆ. ಆಯ್ಕೆಯ ದಿನ ಅವರೆದುರು ಹತ್ತಿ ತೋರಿಸಬೇಕಂತೆ. "ನನಗ ಮೊಣಕಾಲ ಹೋತು, ನಿನಗರ ಆಗಲಿ. ದಿನಾ ಮಧ್ಯಾಹ್ನ ಬಾ, ಮೈ ಪಳಗಸೂಣು" ಎಂದಳು.

ಈ ಕೆಲಸ ದ್ರಾಕ್ಷಾಯಣಿಗೆ ಬೇಕೇ ಬೇಕಾಗಿತ್ತು. ಸಂಬಳದ ಆಸೆಗಲ್ಲ. ಒಂಬತ್ತು ವರ್ಷದಿಂದ ಎದುರು ಸಿಕ್ಕವರೆಲ್ಲ ಮೊದಲು ಅವಳ ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಈ ಮೈ ಒಂದು ಕೆಲಸಕ್ಕೆ ಬರುತ್ತದೆ ಎಂದು ಒಮ್ಮೆಯಾದರೂ ಯಾರಿಂದಲಾದರೂ ಅನ್ನಿಸಿಕೊಳ್ಳಬೇಕು, ಅಷ್ಟೇ ಅವಳ ಹಂಬಲ. ಮನೆಯಲ್ಲಿ ಕಂಬದ ಹೆಸರು ತೆಗೆಯುವಂತಿರಲಿಲ್ಲ. ರವಿಕೆಯ ಮೇಲೆ ಆರಿ ವರ್ಕ್ ಕಸೂತಿ ಹಾಕುವುದನ್ನು ಕಲಿಯಲು ನಿರ್ಮಲಾಳ ಹತ್ತಿರ ಹೋಗುತ್ತೇನೆ ಎಂದಳು. ಕೂತು ಮಾಡುವ ಕೆಲಸ, ನಾಕು ಕಾಸಿನ ಕೆಲಸ, ಯಾರೂ ಬೇಡವೆನ್ನಲಿಲ್ಲ.

ಮನಸ್ಸಿಗೆ ಕಂಬ ನೆನಪಿತ್ತು, ಮೈಗೆ ಮರೆತುಹೋಗಿತ್ತು. ಮೊದಲ ದಿನವೇ ಮೀನಖಂಡ, ತೊಡೆ, ಸೊಂಟ, ಬಗಲು ಒಂದೊಂದೂ ಬೇರೆ ಬೇರೆ ದನಿಯಲ್ಲಿ ಕೂಗತೊಡಗಿದವು. ನಿರ್ಮಲಾ ನಕ್ಕಳು. "ಕಂಬದ ನೋವು ಕಂಬದಾಗ ಕಳೀಬೇಕವಾ. ನಾಳಿನೂ ಬಾ. ಮನೀಗೆ ಹೋಗಿ ಹುಣಸಿ ತಪ್ಪಲ ಕುದಿಸಿ ಜಳಕ ಮಾಡು."

ಹುಣಸಿ ಗಿಡ ಇದ್ದದ್ದು ಸಕ್ರವ್ವನ ಹಿತ್ತಲಲ್ಲಿ. ಸಕ್ರವ್ವ ಪಕ್ಕದ ಮನೆಯವಳು. ಅವಳಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಕುಣಿಯಿಂದ ಹೇಗೋ ಎದ್ದ ದ್ರಾಕ್ಷಾಯಣಿ ಸೊಂಟದ ಮೇಲೆ ಕೈಯಿಟ್ಟು, ಕಾಲು ಅಗಲಿಸಿ ಹೆಜ್ಜೆ ಹಾಕುತ್ತ ಹೋಗಿ, "ಯಕ್ಕಾ, ಒಂದೀಟ ಹುಣಸಿ ತಪ್ಪಲ ಹರಕೊಳ್ಳಲೇನ್ರಿ?" ಎಂದಳು.

"ಯಾಕ ಬೇಕಾಗಿತ್ತ?"

ಮೈನೋವು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಕಂಬ ಬರುತ್ತದೆ. ದ್ರಾಕ್ಷಾಯಣಿ ತಡವರಿಸಿ, "ಸುಮ್ನ... ಬೇಕ ಅನ್ನಿಸ್ತು" ಎಂದಳು.

ಸಕ್ರವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸೊಂಟದ ಮೇಲಿನ ಕೈ ನೋಡಿದಳು. ಮದುವೆಯಾದ ಹೆಣ್ಣಿಗೆ ಹುಳಿ ಸುಮ್ಮಸುಮ್ಮನೆ ಬೇಕು ಅನ್ನಿಸಿದರೆ ಅದಕ್ಕೆ ಈ ಸೀಮೆಯಲ್ಲಿ ಬಯಕಿ ಎನ್ನುತ್ತಾರೆ, ಬೇರೆ ಅರ್ಥವಿಲ್ಲ. ತಾನೇ ಕೈಯೆತ್ತಿ ಚಿಗುರು ಚಿಗುರಾಗಿ ಹರಿದು ಅವಳ ಉಡಿಗೆ ಹಾಕಿದಳು. ದ್ರಾಕ್ಷಾಯಣಿ ಮನೆ ಮುಟ್ಟುವ ಮೊದಲೇ ಸುದ್ದಿ ಹಿತ್ತಲ ಬಾಗಿಲಿಂದ ಬಾಳವ್ವನನ್ನು ಮುಟ್ಟಿತ್ತು.

ಬಾಳವ್ವ ಏನೂ ಕೇಳಲಿಲ್ಲ. ಮೂರು ತಿಂಗಳು ತುಂಬುವ ತನಕ ಇಂಥ ಮಾತನ್ನು ಬಾಯಲ್ಲಿ ಆಡಬಾರದು, ಕಣ್ಣು ಬೀಳುತ್ತದೆ. ಸಂಜೆ ಎಣ್ಣೆ ಕಾಸಿಕೊಂಡು ಬಂದು ಸೊಸೆಯ ಕಾಲ ಬುಡದಲ್ಲಿ ಕೂತಳು. "ಚಾಚು" ಎಂದಳು. ಗಾಬರಿಯಾಗಿ ಕಾಲು ಎಳೆದುಕೊಂಡ ಸೊಸೆಗೆ, "ಸುಮ್ನಿರು ನನ್ನವ್ವಾ" ಎಂದಳು. ಮೊಣಕಾಲಿನ ಕೆಳಗೆ ಮುದುಕಿಯ ಹೆಬ್ಬೆರಳು ಒತ್ತಿದಾಗ ಆ ಸುಖಕ್ಕೆ ದ್ರಾಕ್ಷಾಯಣಿಗೆ ಅಳು ಬಂತು. ಒಂಬತ್ತು ವರ್ಷದಲ್ಲಿ ಬಾಳವ್ವ ಅವಳನ್ನು ನನ್ನವ್ವಾ ಎಂದಿದ್ದಿಲ್ಲ. ಯಾಕೆ ಎಂದು ಹೊಳೆಯಲು ಒಂದು ರಾತ್ರಿ ಹಿಡಿಯಿತು. ಹೊಳೆದ ಮೇಲೂ ಅವಳು ಬಾಯಿ ಬಿಡಲಿಲ್ಲ.

ಇದನ್ನು ತಪ್ಪು ಎನ್ನುವವರು ಎನ್ನಲಿ. ಮೈಯೆಲ್ಲ ಹಣ್ಣಾದವಳಿಗೆ ಎಣ್ಣೆ ತಿಕ್ಕುವ ಕೈ ಸಿಕ್ಕಾಗ ಅದನ್ನು ದೂಡಿ ನಿಜ ಹೇಳುವಷ್ಟು ಸತ್ಯವಂತರು ಯಾರಿದ್ದಾರೋ ನಾನಂತೂ ಕಾಣೆ. ಆಯ್ಕೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ತಿಂಗಳ ಲೆಕ್ಕ ಅವಳಿಗೆ ಮೊದಲಿಂದಲೂ ಸರಿಯಿಲ್ಲ. ಒಮ್ಮೊಮ್ಮೆ ಎರಡೆರಡು ತಿಂಗಳು ತಪ್ಪುತ್ತಿತ್ತು. ಈಗಲೂ ತಪ್ಪಿತ್ತು. ಅದೂ ಬಾಳವ್ವನ ಲೆಕ್ಕಕ್ಕೇ ಜಮೆಯಾಯಿತು.

ಮಧ್ಯಾಹ್ನ ಕಂಬ, ಸಂಜೆ ಎಣ್ಣೆ. ನೋವು ಹೆಚ್ಚಿದಷ್ಟೂ ಉಪಚಾರ ಹೆಚ್ಚಿತು. ಅವಳು ನರಳಿದರೆ ಬಾಳವ್ವ ಖುಷಿಯಾಗುತ್ತಿದ್ದಳು. ಕುಣಿಗೆ ಇಳಿಯುವುದು ನಿಂತಿತು, ಕೊಡ ಎತ್ತುವುದು ನಿಂತಿತು. ಕೂತು ಮಾಡುವ ಆರಿ ವರ್ಕಿಗೆ ಮಾತ್ರ ಬಾಳವ್ವ ಅಡ್ಡಿ ಮಾಡಲಿಲ್ಲ. ಚನ್ನಬಸವನ ಹಾಸಿಗೆ ಮಗ್ಗದ ಕೋಣೆಗೆ ಹೋಯಿತು, ಹಾಗಾಗಿ ತೊಡೆಯ ಕಪ್ಪು ಕಲೆಗಳನ್ನು ಅವನೂ ನೋಡಲಿಲ್ಲ. ಅತ್ತ ಲಕ್ಕಲಕಟ್ಟಿಯಲ್ಲಿ ಮೈ ನಿಧಾನಕ್ಕೆ ಮಾತು ಕೇಳತೊಡಗಿತು. ಒಂದು ದಿನ ತುದಿ ಮುಟ್ಟಿ, ತೊಡೆ ಬಿಗಿದು, ಎರಡೂ ಕೈ ಬಿಟ್ಟಳು. ಕೆಳಗೆ ನಿರ್ಮಲಾ ಸೀಟಿ ಊದಿ ಕುಣಿದಾಡಿದಳು. ಆ ಹೊತ್ತು ದ್ರಾಕ್ಷಾಯಣಿಯಂಥ ಸುಖಿ ಮೂರು ತಾಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ.

ಮನೆಗೆ ಬಂದರೆ ಬಾಳವ್ವ ಮಗ್ಗದಲ್ಲಿ ಕೂತಿದ್ದಳು. ಕಣ್ಣು ಮಂಜಾಗಿ ನೇಯುವುದು ಬಿಟ್ಟವಳು. ಮಗ್ಗದ ಮೇಲೆ ಅಚ್ಚ ಹಸಿರು ಸೀರೆ ಏರಿತ್ತು, ಕೆಂಪು ದಡಿ.

"ಇದ್ಯಾರ ಆರ್ಡರ್ ಅತ್ತೀ?"

"ಆರ್ಡರ್ ಕೊಟ್ಟಾವ್ರು ಇನ್ನ ಹೊಟ್ಯಾಗದಾರ" ಎಂದು ಬಾಳವ್ವ ನಕ್ಕಳು. "ನಿನ್ನ ಕುಬಸಕ್ಕ. ಬ್ಯಾರೇದವ್ರು ನೇಯ್ದದ್ದ ಉಡಸಂಗಿಲ್ಲ ನಾ."

ಏಳನೆಯ ತಿಂಗಳಿಗೆ ಬಸುರಿಗೆ ಮಾಡುವ ಕಾರ್ಯ ಕುಬಸ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಗುತ್ತೇವಲ್ಲ, ಇಲ್ಲಿ ಕೂಸೇ ಇರಲಿಲ್ಲ. ಮುದುಕಿ ಬಗ್ಗಿ ಒಂದೊಂದು ಎಳೆಯನ್ನೂ ಕಣ್ಣಿಗೆ ಹಿಡಿದು ನೋಡುತ್ತಿದ್ದಳು. ದ್ರಾಕ್ಷಾಯಣಿಗೆ ತಡೆಯಲಾಗಲಿಲ್ಲ. ಮರುದಿನವೇ ರೋಣದಲ್ಲಿ ಆಯ್ಕೆ. ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಬದುಕೇ ಬೇರೆಯಾಗುತ್ತಿತ್ತು. ಆದರೆ ಆ ಹಸಿರು ಕಣ್ಣೆದುರು ಒಂದು ಬೆರಳಷ್ಟು ಬೆಳೆದುಬಿಟ್ಟಿತ್ತು.

"ಅತ್ತೀ, ನಿಲ್ಸ್ರಿ. ನನಗ ಏನೂ ಇಲ್ರಿ. ಬಸರಲ್ರಿ ನಾ. ಅದು ಮೈನೋವ್ರಿ. ದಿನಾ ಲಕ್ಕಲಕಟ್ಟ್ಯಾಗ ಕಂಬ ಹತ್ತಾಕ ಹೋಗ್ತಿದ್ನಿ."

ಬಾಳವ್ವ ಲಾಳಿ ಹಿಡಿದುಕೊಂಡೇ ತಿರುಗಿದಳು. ಅಷ್ಟು ಮಾತುಗಳಲ್ಲಿ ಅವಳಿಗೆ ಕೇಳಿಸಿದ್ದು ಒಂದೇ.

"ಕಂಬ ಹತ್ತಿದ್ಯಾ? ಬಸರ ಹೊತ್ತಗೊಂಡು ಕಂಬ ಹತ್ತಿದ್ಯಾ?"

"ಬಸರ ಇರಲೇ ಇಲ್ರೀ ಅತ್ತೀ!"

"ಹ್ಯಾಂಗ ಇರತೈತಿ? ಹ್ಯಾಂಗ ಉಳೀತೈತಿ?" ಎಂದು ಬಾಳವ್ವ ಎದೆ ಬಡಿದುಕೊಂಡಳು. ಚನ್ನಬಸವ ಓಡಿ ಬಂದ. ಸಕ್ರವ್ವ ಗೋಡೆಯ ಆಚೆಯಿಂದಲೇ ಬಂದಳು.

ದೇವರೆಂಬುವನು ಒಬ್ಬನಿದ್ದರೆ ಅವನು ದ್ರಾಕ್ಷಾಯಣಿಗೆ ಆವತ್ತು ಮಾಡಿದ್ದನ್ನು ನಾನು ಮನ್ನಿಸಲಾರೆ. ಎರಡು ತಿಂಗಳು ನಿಂತಿದ್ದ ಮುಟ್ಟು ಅದೇ ಸಂಜೆ ಬಂತು. ತಡವಾಗಿ ಬಂದಾಗ ಯಾವಾಗಲೂ ಬರುವ ಹಾಗೆ, ಹೊಟ್ಟೆ ಹಿಂಡಿ, ಧಾರಾಳವಾಗಿ ಬಂತು. ಬಚ್ಚಲಿನ ಸೀರೆ ನೋಡಿದ ಬಾಳವ್ವ ಅಲ್ಲೇ ಕುಸಿದು ಕೂತಳು. ಇನ್ನು ಸಾಕ್ಷಿ ಯಾಕೆ ಬೇಕು?

ಬೆಳಗ್ಗೆ ದ್ರಾಕ್ಷಾಯಣಿಯೇ ಹಟ ಹಿಡಿದು ಅತ್ತೆ, ಗಂಡ ಇಬ್ಬರನ್ನೂ ಹೊರಡಿಸಿಕೊಂಡು ದವಾಖಾನಿಗೆ ಹೋದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಬಸಿರು ಇಲ್ಲ ಎಂದಳು. "ನೋಡ್ರಿ, ಕೇಳಿದ್ರಿಲ್ಲೋ?" ಎಂದು ದ್ರಾಕ್ಷಾಯಣಿ ಅತ್ತೆಯ ಕೈ ಹಿಡಿದಳು. ಬಾಳವ್ವ ತಣ್ಣಗೆ, "ಹೋದ ಮ್ಯಾಲ ಇಲ್ಲಂತನ ಅಂತಾರ" ಎಂದಳು. ದ್ರಾಕ್ಷಾಯಣಿ ಗಂಡನ ಕಡೆ ನೋಡಿದಳು. ಹೇಳಿದ್ದನ್ನು ನಂಬುವ ಚನ್ನಬಸವ ಈ ಸಲ ತಾಯಿ ಹೇಳಿದ್ದನ್ನು ನಂಬಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು. ಆ ಹೊತ್ತಿಗೆ ರೋಣದಲ್ಲಿ ಯಾರೋ ಅವಳ ಹೆಸರು ಕೂಗಿ, ಬಂದಿಲ್ಲವೆಂದು ಮುಂದಿನವಳನ್ನು ಕರೆದಿರಬೇಕು. ನಿರ್ಮಲಾಳ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಬಾಳವ್ವ ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು. ಬಸಿರು ಇಳಿದ ಹೆಣ್ಣಿಗೆ ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿದಳು. ಕಿವಿಗೆ ಅರಳೆ ಇಟ್ಟು, ಸೊಂಟಕ್ಕೆ ಬಟ್ಟೆ ಬಿಗಿದು, ಹಾಸಿಗೆಯ ಕೆಳಗೆ ಕೆಂಡದ ಕಾವು ಇಟ್ಟಳು. ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಕಟ್ಟಿ ತಿನ್ನಿಸಿದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು, ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು ಅತ್ತು ಹೋದರು. ಹೋಗುವಾಗ ಅವಳ ಕಡೆ ನೋಡುವ ನೋಟವೇ ಬೇರೆ. ಮೊದಲು ಬಂಜೆ ಎನ್ನುತ್ತಿದ್ದರು. ಬಂಜೆಗಾದರೂ ಒಂದು ಕನಿಕರ ಇರುತ್ತದೆ.

ಮೊದಮೊದಲು ಬಂದವರಿಗೆಲ್ಲ ದ್ರಾಕ್ಷಾಯಣಿ ಹೇಳಿ ನೋಡಿದಳು, ಇರಲಿಲ್ಲ, ಇರಲೇ ಇಲ್ಲ ಎಂದು. "ಸಂಕಟಕ್ಕ ಹಂಗ ಅಂತಾಳ, ಪಾಪ" ಎಂದು ಸಕ್ರವ್ವ ಅರ್ಥ ಹೇಳಿದಳು. ಆಮೇಲೆ ದ್ರಾಕ್ಷಾಯಣಿ ಹೇಳುವುದನ್ನು ಬಿಟ್ಟಳು. ಇರದ ಕೂಸನ್ನು ಇರಲಿಲ್ಲ ಎಂದು ತೋರಿಸುವುದು ಹೇಗೆ? ಸತ್ತ ಕೂಸಿಗಾದರೂ ಮಣ್ಣು ಕೊಟ್ಟು ಮುಗಿಸಬಹುದು.

ಕಾವಿಗೂ ಎಣ್ಣೆಗೂ ಮೈ ಪೂರಾ ಹಗುರಾಯಿತು. ಬಗಲಿನ ಉರಿ ಹೋಯಿತು, ತೊಡೆಯ ಕಲೆಗಳು ಮಾಸಿದವು. ಈಗ ಕಂಬದೆದುರು ನಿಲ್ಲಿಸಿದ್ದರೆ ಒಂದೇ ಉಸಿರಿಗೆ ತುದಿ ಮುಟ್ಟುತ್ತಿದ್ದಳು. ನಿಲ್ಲಿಸುವವರಿರಲಿಲ್ಲ. ವಸತಿ ಶಾಲೆಗೆ ಮುಶಿಗೇರಿಯ ಹುಡುಗಿಯೊಬ್ಬಳು ಆಯ್ಕೆಯಾದಳೆಂದು ನಿರ್ಮಲಾ ಮೆಸೇಜು ಹಾಕಿದ್ದಳು.

ಆರೈಕೆಯ ಕಡೆಯ ದಿನದ ಜಳಕಕ್ಕೆ ಬಾಳವ್ವ ಹಂಡೆ ತುಂಬ ನೀರು ಕಾಸಿದ್ದಳು. ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ, ಸೊಂಟಕ್ಕೆ ತಂಬಿಗೆ ತಂಬಿಗೆ ಬಿಸಿನೀರು ಹೊಯ್ದಳು. ಹೊಯ್ಯುತ್ತ ಹೊಯ್ಯುತ್ತ ಕೈ ನಿಂತಿತು.

"ದ್ರಾಕ್ಷವ್ವಾ, ಖರೇ ಹೇಳು. ಗಂಡೋ ಹೆಣ್ಣೋ ಅಂತ ನಿನಗೇನರ ಅನಸಿತ್ತೇನು?"

ದ್ರಾಕ್ಷಾಯಣಿ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಬೆನ್ನು ಬಗ್ಗಿಸಿದಳು.

"ಹೆಣ್ಣ ಇತ್ರಿ" ಎಂದಳು.

"ನನಗೂ ಹಂಗ ಅನಸಿತ್ತವಾ" ಎಂದು ಬಾಳವ್ವ ಇನ್ನೊಂದು ತಂಬಿಗೆ ನೀರು ಹೊಯ್ದಳು.