ಹಗ್ಗದ ಮೇಲಿನ ಕುಲಾಯಿ

ಕಲಾದಗಿಯ ಓಣಿಗಳಲ್ಲಿ ಮಕ್ಕಳನ್ನು ಎಣಿಸಲು ಶಿವಗಂಗಾ ನರ್ಸಬಾಯಿಗೆ ಬಾಯಿ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆ ಮನೆಗೆ ಹೋಗಿ ಎಷ್ಟು ಮಕ್ಕಳೆಂದು ಕೇಳಿ ಮುದುಕಿಯರಿಂದ ಚೆನ್ನಾಗಿ ಉಗಿಸಿಕೊಂಡಿದ್ದಳು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆ. ಮಠದ ಓಣಿಯಾಗಲಿ, ಮಸೂತಿ ಹಿಂದಿನ ಓಣಿಯಾಗಲಿ, ಈ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಕಾಯಿದೆ. ಆಗಿನಿಂದ ಅವಳು ಅಂಗಳದ ಹಗ್ಗ ನೋಡುವುದನ್ನು ಕಲಿತಳು. ಕೂಸಿನ ಕುಲಾಯಿ, ಕುಂಚಿಗೆ, ಮೊಳದುದ್ದದ ಕೌದಿ ಒಣಗುತ್ತಿದ್ದರೆ ಒಳಗೊಂದು ಎಳೆಗೂಸಿದೆ ಎಂದೇ ಲೆಕ್ಕ. ಆಮೇಲೆ ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ ಕೂತರೆ ಅರ್ಧ ಕೆಲಸ ಮುಗಿದಂತೆ.

ಈಗ ಆ ವಿದ್ಯೆಯೆಲ್ಲ ಯಾರಿಗೆ ಬೇಕು? ಜೊತೆಗಿದ್ದ ಆಶಾ ಕಾರ್ಯಕರ್ತೆ ಫರಹಾನಾ ಫೋನಿನ ಮೇಲೆ ಬೆರಳಾಡಿಸಿದರೆ ಓಣಿಯ ಕೂಸುಗಳೆಲ್ಲ ಹೆಸರು, ಹುಟ್ಟಿದ ತಾರೀಖಿನ ಸಮೇತ ಸಾಲಾಗಿ ಬಂದು ನಿಲ್ಲುತ್ತಿದ್ದವು. ಶಿವಗಂಗಾಗೆ ಒಳಗೊಳಗೇ ಹೊಟ್ಟೆಕಿಚ್ಚು. ಇನ್ನು ನಾಲ್ಕು ದಿನಕ್ಕೆ ನಿವೃತ್ತಿ. ಇದು ಅವಳ ಕೊನೆಯ ಪೋಲಿಯೊ ಸುತ್ತು. ಒಂದೊಂದು ಕಟ್ಟೆ ದಾಟುವಾಗಲೂ ಅಲ್ಲಿ ಕುಡಿದ ಚಹಾ, ಅಲ್ಲಿ ಕೊಯ್ದ ಹೊಕ್ಕುಳಬಳ್ಳಿ, ಉಡಿಯಲ್ಲಿ ಹಾಕಿ ಕಳಿಸಿದ ದಾಳಿಂಬೆ ನೆನಪಾಗಿ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು.

ಉಳಿದದ್ದು ಒಂದೇ ಮನೆ, ಕಾಸಿಂಬಿಯದು. ಮಗಳು ನರ್ಗೀಸ ಇಳಕಲ್ಲಿನಿಂದ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. ನಲವತ್ತು ದಿನ ತುಂಬುವ ತನಕ ಹೊರಗಿನವರ ಕಣ್ಣಿಗೆ ಕೂಸನ್ನು ತೋರಿಸದ ಮನೆ ಅದು. ತಾನು ಎರಡು ಸಲ ಹೋಗಿ ಬಂದರೂ ಮುದುಕಿ ಬಾಗಿಲು ತೆರೆಯಲಿಲ್ಲ ಎಂದಳು ಫರಹಾನಾ.

ಬೇರೆ ಯಾವ ಮನೆಯಾದರೂ ಆಗಬಹುದಿತ್ತು ಎನಿಸಿತು ಶಿವಗಂಗಾಗೆ. ಇಪ್ಪತ್ತೇಳು ವರ್ಷದ ಹಿಂದೆ ನರ್ಗೀಸ ಕೂಸಾಗಿದ್ದಾಗ ಇದೇ ಅಂಗಳದ ಹಗ್ಗ ಖಾಲಿಯಿತ್ತು. ಶಿವಗಂಗಾ ಹೊರಗಿನಿಂದಲೇ ಬಾಗಿಲಿಗೆ ಸೀಮೆಸುಣ್ಣದ ಖಡುವಿನಿಂದ ‘ಇಲ್ಲಿ ಆಯಿತು’ ಎಂಬ ಗುರುತು ಹಾಕಿ ಹೋಗಿದ್ದಳು. ಮುಂದಿನ ಮಳೆಗಾಲದಲ್ಲಿ ನರ್ಗೀಸಳಿಗೆ ಜ್ವರ ಬಂತು, ಎಡಗಾಲು ಸೋತಿತು. ಅಂದಿನಿಂದ ಪ್ರತಿ ಸುತ್ತಿನಲ್ಲೂ ಶಿವಗಂಗಾ ಆ ಬಾಗಿಲಿಗೆ ಬರುತ್ತಿದ್ದಳು, ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಈ ಕೂಸಿಗೆ ತನ್ನ ಕೈಯಿಂದ ಎರಡು ಹನಿ ಹಾಕದೆ ಮನೆಗೆ ಹೋಗಿ ಕೂತರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಫರಹಾನಾಳನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಲಸಿಕೆಯ ಡಬ್ಬಿ ಹಿಡಿದು ಒಬ್ಬಳೇ ನಡೆದಳು. ತಿರುವು ದಾಟಿದವಳು ಅಲ್ಲೇ ನಿಂತುಬಿಟ್ಟಳು.

ಹಗ್ಗ ಒಳಗಿನ ಅಂಗಳದಲ್ಲಿರಲಿಲ್ಲ. ಈ ಗೋಡೆಯ ಮೊಳೆಯಿಂದ ಎದುರಿನ ಬೇವಿನ ಗಿಡಕ್ಕೆ, ಓಣಿಗೆ ಅಡ್ಡವಾಗಿ ಕಟ್ಟಿತ್ತು. ಅದರ ತುಂಬ ಕೂಸಿನ ಬಟ್ಟೆ. ನರ್ಗೀಸ ತಾನೇ ಹೊಲಿದ ಕೆಂಪು ಕುಲಾಯಿ, ಹಸಿರು ಕುಂಚಿಗೆ, ನಾಲ್ಕು ಕೌದಿ, ಸಾಲು ಸಾಲು ಲಂಗೋಟಿ. ಹೋಗಿಬರುವವರು ತಲೆ ತಗ್ಗಿಸಿಯೇ ದಾಟಬೇಕು. ದೃಷ್ಟಿಗೆ ಅಷ್ಟು ಹೆದರುವ ಕಾಸಿಂಬಿ ಊರಿಗೆಲ್ಲ ಕಾಣುವ ಹಾಗೆ ಹರವಿದ್ದಳು.

ಬಾಗಿಲು ತೆರೆದೇ ಇತ್ತು. ಕಾಸಿಂಬಿ ಹೊಸ್ತಿಲ ಮೇಲೆ ಕೂತಿದ್ದಳು.

"ಆ ಹುಡುಗಿಗೆ ಬಾಗಲಾ ತೆಗೀಲಿಲ್ರಿ ಬಾಯಾರ. ನೀವ ಬರ್ಲಿ ಅಂತ ಕುಂತೇನಿ" ಎಂದಳು. "ನೀವು ಹಗ್ಗ ನೋಡ್ತೀರಿ ಅಂತ ನನಗ ಅವಾಗ ಗೊತ್ತಿತ್ತು. ಎರಡು ಕೂಸು ಮಣ್ಣಿಗೆ ಕೊಟ್ಟಾಕಿ ನಾನು, ಅಂಜಿದ್ದೆ. ನೀವು ಬರೂ ದಿನ ಕೂಸಿನ ಅರಬಿ ಎಲ್ಲಾ ತೆಗದು ಒಳಗ ಒಣಗಿಸಿದೆ. ಮಗಳ ಕಾಲು ನಾನ ಕಳದೆ."

ಶಿವಗಂಗಾ ಅವಳ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಈ ಹೆಂಗಸು ಮುಖ ತಿರುಗಿಸುತ್ತಿದ್ದದ್ದು ಸಿಟ್ಟಿನಿಂದ ಎಂದುಕೊಂಡಿದ್ದಳು. ಸುಮ್ಮನೆ ಕೇಳಿಸಿಕೊಂಡು, ಸಮಾಧಾನ ಹೇಳಿ, ಹನಿ ಹಾಕಿ ಹೋಗಬಹುದಿತ್ತು. ಆದರೆ ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು, ಕೂಸಿಗೆ ನೀರು ಹಾಕಿದ ಮೇಲೆ ಹಿಡಿಯುವ ಹೊಗೆ. ಆ ವಾಸನೆ ಅವಳನ್ನು ಏಳಗೊಡಲಿಲ್ಲ.

"ಇಲ್ಲ ಕಾಸಿಂಬಿ. ಅವತ್ತೂ ಈ ವಾಸನಿ ಬಂದಿತ್ತು" ಎಂದಳು. "ಹಗ್ಗ ಖಾಲಿ ಇದ್ರೂ ಒಳಗ ಕೂಸೈತಿ ಅಂತ ನನಗ ತಿಳೀತು. ಬಾಗಲಕೋಟಿ ಬಸ್ಸು ತಪ್ಪತೈತಿ ಅಂತ ಗುರುತು ಹಾಕಿ ಓಡಿದೆ. ಖರೆ ತಪ್ಪು ನಂದು."

ಕಾಸಿಂಬಿ ಅವಳ ಮುಖವನ್ನೇ ನೋಡಿದಳು. ಶಿವಗಂಗಾ ಬೈಗುಳಕ್ಕೆ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು.

ಒಳಗಿನಿಂದ ಗೋಡೆ ಹಿಡಿದು, ಎಡಗಾಲು ಎಳೆಯುತ್ತ ನರ್ಗೀಸ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೆಗಲ ಮೇಲೆ ಕೂಸಿತ್ತು.

"ಇಬ್ಬರೂ ಆಮ್ಯಾಲ ಅಳೂವಂತ್ರಿ" ಎಂದಳು. "ಮೊದಲ ಹನಿ ಹಾಕ್ರಿ ಬಾಯಾರ. ಡಬ್ಬಿಯೊಳಗಿನ ಬರ್ಫ ಕರಗತೈತಿ."

ಶಿವಗಂಗಾ ಇಪ್ಪತ್ತೇಳು ವರ್ಷದ ಮೇಲೆ ಆ ಹೊಸ್ತಿಲು ದಾಟಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು, ಎರಡು ಎಂದು ಬಾಯಿಬಿಟ್ಟು ಎಣಿಸಿ ಹನಿ ಹಾಕಿದಳು. ಕೂಸು ಮುಖ ಕಿವುಚಿ ನುಂಗಿತು. ಕಾಸಿಂಬಿ ಚಹಾಕ್ಕೆ ಇಟ್ಟಳು.

ಹೊರಡುವಾಗ ಶಿವಗಂಗಾ ಬಾಗಿಲಿಗೆ ಗುರುತು ಹಾಕಲು ಖಡು ತೆಗೆದಳು. ಹಳೆಯ ಬಾಗಿಲು ಅಲ್ಲಾಡುತ್ತಿತ್ತು. ಅದು ಅಲ್ಲಾಡದಂತೆ ನರ್ಗೀಸ ಗಟ್ಟಿ ಕಾಲೂರಿ ಒಳಗಿನಿಂದ ಹಿಡಿದು ನಿಂತಳು.